ಕಾಲು ಗಂಟೆಯ ಗೈರು

ನಮ್ಮ ಕೊಪ್ಪದ ಕಾಲೇಜಿಗೆ ಎಂ.ಕಾಂ. ಬಂದು ಆಗ ಎರಡನೇ ವರ್ಷ, 2007. ಕೊನೆಯ ವರ್ಷದಲ್ಲಿ ಹನ್ನೊಂದು ಮಕ್ಕಳು. ಪರಿಶೀಲನಾ ಸಮಿತಿ ಬರುತ್ತದೆಂದು ಸ್ನಾತಕೋತ್ತರ ವಿಭಾಗದ ಮೌಲ್ಯಗಳನ್ನು ಬರೆದುಕೊಡುವ ಕೆಲಸ ಪಾಠ ಮಾಡುವ ನನ್ನ ತಲೆಗೆ ಬಿತ್ತು. ಪ್ರಾಮಾಣಿಕತೆ, ಸಮಯಪಾಲನೆ, ಕಟ್ಟಕಡೆಯ ವಿದ್ಯಾರ್ಥಿಯ ಬಗ್ಗೆ ಕಾಳಜಿ ಎಂದು ಬರೆದೆ. ಅದನ್ನು ಬರೆಸಿದ ಬೋರ್ಡು ಗೋಡೆಗೇರಿದಾಗ ಒಳಗೊಳಗೇ ಬೀಗಿದ್ದೂ ಉಂಟು.

ನನ್ನದೊಂದು ಪದ್ಧತಿ. ಒಂಬತ್ತಕ್ಕೆ ಹಾಜರಿ ಕರೆದು ಪುಸ್ತಕ ಮುಚ್ಚಿದರೆ ಆಮೇಲೆ ಯಾರಪ್ಪ ಬಂದರೂ ತೆರೆಯುವುದಿಲ್ಲ. ತಡವಾಗಿ ಬಂದವರು ಕೂತು ಪಾಠ ಕೇಳಬಹುದು, ಹಾಜರಿ ಮಾತ್ರ ಇಲ್ಲ.

ಆಸಿಫಾ ಸೀತೂರಿನಿಂದ ಬರುತ್ತಿದ್ದಳು. ವಾರದಲ್ಲಿ ಎರಡು ದಿನವಾದರೂ ಅವಳ ಬಸ್ಸು ಕಾಲು ಗಂಟೆ ತಡ. ಅದಕ್ಕಿಂತ ಮೊದಲು ಬೇರೆ ಬಸ್ಸಿಲ್ಲ. ಏದುಸಿರು ಬಿಡುತ್ತಾ ಬಂದು ಹಿಂದಿನ ಬೆಂಚಿನಲ್ಲಿ ಕೂತು ಇಡೀ ಪಾಠ ಬರೆದುಕೊಳ್ಳುತ್ತಿದ್ದಳು. ತರಗತಿಯಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಪುಸ್ತಕದಲ್ಲಿ ಮಾತ್ರ ಗೈರು. ಒಂದು ದಿನವಾದರೂ ಅದನ್ನು ಕೂಡಿ ನೋಡಿದೆನೇ? ಇಲ್ಲ, ದಡ್ಡ ಶಿಖಾಮಣಿ ನಾನು.

ಸಮಿತಿ ಬರುವ ಹಿಂದಿನ ದಿನ ಹಾಜರಿ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ಒಂದೇ ಹೆಸರು, ಆಸಿಫಾಳದು; ಅದೂ ನನ್ನದೇ ವಿಷಯದಲ್ಲಿ. ಅವಳು ಪರೀಕ್ಷೆಗೆ ಕೂರುವಂತಿಲ್ಲ.

"ನಾನು ಒಂದು ಕ್ಲಾಸೂ ತಪ್ಸಿಲ್ಲ, ನಿಮಗೇ ಗೊತ್ತಲ್ಲ ಸರ್. ಮನೇಲಿ ನಮ್ಮ ಅಬ್ಬಾ ಮತ್ತೊಂದು ವರ್ಷ ಕಾಲೇಜಿಗೆ ಕಳ್ಸೋದಿಲ್ಲ," ಎಂದು ಅತ್ತಳು.

ಪ್ರಾಂಶುಪಾಲ ಶಿವಶಂಕರಪ್ಪನವರ ಹತ್ತಿರ ಓಡಿದೆ. ಪಟ್ಟಿಯ ತಿದ್ದುಪಡಿಗೆ ಮರುದಿನ ಸಂಜೆಯೇ ಕೊನೆ. ಅವಳು ಪಾಠಕ್ಕೆ ಕೂತಿದ್ದಳೆಂದು ಪತ್ರ ಬರೆದುಕೊಡುತ್ತೇನೆ, ಸಹಿ ಹಾಕಿ ಎಂದು ಅಂಗಲಾಚಿದೆ.

"ಎಂತ ಮಾರಾಯ್ರೆ, ಕೂತವಳಿಗೆ ಗೈರು ಹಾಕಿದ್ದೀರಿ ಅಂತ ಬರೆದು ಕೊಡ್ತೀರಾ? ನಾಳೆ ಸಮಿತಿ ಬರ್ತದೆ. ಕಾಲೇಜಿನ ಮಾನ ಹೋಗ್ತದೆ, ನಿಮ್ಮ ಕೆಲಸಾನೂ ಹೋಗ್ತದೆ. ಬಾಯಿ ಮುಚ್ಚಿಕೊಂಡು ಇರಿ," ಎಂದರು.

ಮರುದಿನ ಸಮಿತಿಯ ಮುಂದೆ ಪ್ರಾಂಶುಪಾಲರು ಒಳ್ಳೆಯ ವಿದ್ಯಾರ್ಥಿನಿಯೆಂದು ನಿಲ್ಲಿಸಿದ್ದು ಯಾರನ್ನು ಅಂತೀರಿ? ಆಸಿಫಾಳನ್ನೇ! ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಸಮಿತಿಯ ಅಧ್ಯಕ್ಷರಿಗೆ ಖುಷಿಯೋ ಖುಷಿ. ನನ್ನ ಕಡೆ ತಿರುಗಿ, "ಪರೀಕ್ಷೆಯಲ್ಲಿ ಈ ಹುಡುಗಿ ರ‍್ಯಾಂಕ್ ತೆಗೀಬಹುದಲ್ವಾ?" ಎಂದರು.

ಆಸಿಫಾ ತಲೆಯೆತ್ತಿ ನನ್ನನ್ನು ನೋಡಿದಳು. ಪ್ರಾಂಶುಪಾಲರೂ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ಲೇ ಎಲ್ಲ ಸರಿಹೋಗುತ್ತಿತ್ತೋ ಏನೋ.

"ಖಂಡಿತ ತೆಗೀತಾಳೆ ಸರ್," ಎಂದೆ.

ಸಂಜೆ ಐದಕ್ಕೆ ಆಫೀಸಿಗೆ ಬೀಗ ಬಿತ್ತು. ಕಾರಿಡಾರಿನಲ್ಲಿ ಅವಳು ನಿಂತಿದ್ದಳು. ಈಗ ಕಣ್ಣಲ್ಲಿ ನೀರಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ದಿಗಿಲಾಯಿತು.

"ಹೆದರಿಕೆ ಆಯ್ತು ಮಾರಾಯ್ತಿ," ಎಂದೆ. ಆ ದಿನ ನನ್ನ ಬಾಯಿಂದ ಬಂದ ನಿಜ ಅದೊಂದೇ.

"ಗೊತ್ತಾಯ್ತು ಸರ್. ಅಲ್ಲಿ ನಾನೇ ನಿಜ ಹೇಳ್ಬೇಕು ಅಂತ ಬಾಯಿ ತೆಗ್ದಿದ್ದೆ," ಎಂದಳು. "ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಸುಮ್ನಾದೆ."