ಪವಮಾನನ ನಾಲ್ಕು ಉಗುರುಗಳು

ಮದುವೆಮನೆಯ ಪಂಕ್ತಿಯಲ್ಲಿ ಸುತ್ತಲಿನವರೆಲ್ಲ ಹುಳಿಯನ್ನಕ್ಕೆ ಕೈಹಾಕುವ ಹೊತ್ತಿಗೆ ಸರಿಯಾಗಿ, ಅಂಗಿಯ ಜೇಬಿನಿಂದ ಸ್ಟೀಲಿನ ಚಮಚವೊಂದನ್ನು ತೆಗೆದು, ಪಂಚೆಯ ಅಂಚಿಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಬಾಳೆಲೆಯ ಮೇಲಿನ ಊಟವನ್ನು ಅದರಲ್ಲೇ ಮುಗಿಸುವ ಮನುಷ್ಯನನ್ನು ನೀವು ಮೈಸೂರಿನಲ್ಲಿ ಎಲ್ಲಾದರೂ ಕಂಡಿದ್ದರೆ, ಅವನೇ ನಮ್ಮ ಅಗ್ರಹಾರದ ಪವಮಾನ. "ದೊಡ್ಡ ದೊರೆ, ಕೈ ಮಾಸಬಾರದು ನೋಡಿ" ಎಂದು ಬಡಿಸುವವರು ಗೊಣಗುತ್ತಾರೆ. ದೊರೆಯೂ ಅಲ್ಲ, ಮಣ್ಣೂ ಅಲ್ಲ! ಅವನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಿಟಾರ್ ವಾದಕ. ಬಲಗೈಯ ಹೆಬ್ಬೆರಳಿನಿಂದ ಉಂಗುರಬೆರಳಿನವರೆಗಿನ ನಾಲ್ಕು ಉಗುರುಗಳೇ ಅವನ ಬದುಕು, ಮತ್ತು ಬಿಸಿ ಹುಳಿಯಲ್ಲಿ ಕಲಸಿದರೆ ಉಗುರು ಮೆತ್ತಗಾಗುತ್ತದೆ.

ಒಂದೇ ಬೀದಿಯಲ್ಲಿ ಬೆಳೆದ ನನಗೆ ಅವನ ನಡಿಗೆ ದೂರದಿಂದಲೇ ಗೊತ್ತಾಗುತ್ತದೆ. ಹಸಿ ಗೋರಂಟಿ ಹಚ್ಚಿಸಿಕೊಂಡ ಮದುಮಗಳಂತೆ ಬಲಗೈಯನ್ನು ಎದೆಗೆ ಹತ್ತಿರ ಹಿಡಿದು, ಎಡಭುಜವನ್ನು ಮುಂದೆ ಮಾಡಿಕೊಂಡು ಬರುತ್ತಾನೆ. ಬಾಗಿಲನ್ನು ಆ ಭುಜದಿಂದಲೇ ತಳ್ಳುತ್ತಾನೆ. ಕೈಕುಲುಕಲು ಬಂದವರಿಗೆ ನಮಸ್ಕಾರ ಹಾಕಿ ತಪ್ಪಿಸಿಕೊಳ್ಳುತ್ತಾನೆ. ಸಂಗೀತ ಕಚೇರಿಗೆಂದು ಒಂದು ಕರಿಯ ಕೋಟಿದೆ. ಅದರ ಬಲಜೇಬಿಗೆ ಮಾತ್ರ ತಾಯಿಯ ಹಳೆಯ ರೇಷ್ಮೆ ಸೀರೆಯ ತುಂಡನ್ನು ಒಳಗಿನಿಂದ ಹೊಲಿಸಿದ್ದಾನೆ, ಉಗುರು ತರಚದಿರಲಿ ಎಂದು. ಇನ್ನು ಮಾತು? ರಾಜಕೀಯವಿರಲಿ, ಬದನೆಕಾಯಿಯಿರಲಿ, ಯಾರದೋ ಮಗಳಿಗೆ ಗಂಡು ನೋಡುವ ವಿಚಾರವೇ ಇರಲಿ, ತಕ್ಷಣ ಅಭಿಪ್ರಾಯ ಹೇಳಬೇಕಾಗಿ ಬಂದಾಗಲೆಲ್ಲ ಅವನ ಬಾಯಲ್ಲಿ ಬರುವುದು ಒಂದೇ: "ಇರಿ, ಶ್ರುತಿ ನೋಡೋಣ."

ಅವನ ಮನೆ ವೀಣೆಯ ಮನೆ. ತಾಯಿ ಪಂಕಜಮ್ಮನವರ ಬಳಿ ವೀಣೆ ಕಲಿಯದ ಹೆಣ್ಣುಮಕ್ಕಳು ನಮ್ಮ ಬೀದಿಯಲ್ಲೇ ಇರಲಿಲ್ಲ. ಅಂಥ ಮನೆಯ ಒಬ್ಬನೇ ಮಗ ವೀಣೆ ಕೆಳಗಿಟ್ಟು ಗಿಟಾರು ಹಿಡಿದಾಗ ಆಕೆ ಬೈಯಲಿಲ್ಲ, ಅಳಲೂ ಇಲ್ಲ; "ಅದರ ನಾದ ಕಡ್ಡಿ ಗೀಚಿದ ಹಾಗಿರುತ್ತೆ" ಎಂದು ಹೇಳಿ ಒಳಗೆ ಹೋದರು. ಮಗ ಪುಣೆ, ಕೊಲ್ಕತ್ತಾ ಸುತ್ತಿ ಕಲಿತ. ಹೊರದೇಶದ ಪುಟ್ಟಪುಟ್ಟ ಸಭೆಗಳಲ್ಲಿ ನುಡಿಸಿ ಚಪ್ಪಾಳೆ ಗಿಟ್ಟಿಸಿದ. ಹಿನಕಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ, ಲಷ್ಕರ್ ಮೊಹಲ್ಲಾದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದ. ತಾಯಿ ಮಾತ್ರ ಒಂದು ಕಚೇರಿಗೂ ಬರಲಿಲ್ಲ. ಪತ್ರಿಕೆಯವರ ಹೊಗಳಿಕೆಯನ್ನೆಲ್ಲ ಒಟ್ಟಿಟ್ಟರೂ ಅಮ್ಮನ ಒಂದು 'ಭೇಷ್' ಆಗುವುದಿಲ್ಲ ಕಣೋ ಎಂದು ಅವನು ನನ್ನೆದುರು ಬಾಯಿಬಿಟ್ಟೇ ಹೇಳಿದ್ದುಂಟು.

ಹೀಗಿರುವಾಗ ಲಷ್ಕರ್ ಮೊಹಲ್ಲಾದಲ್ಲಿ ಹಳೇ ಸಾಮಾನಿನ ವ್ಯಾಪಾರ ಮಾಡುವ ಜವರಪ್ಪನ ಅಂಗಡಿಯಲ್ಲಿ, ಮುರಿದ ತೊಟ್ಟಿಲ ಹಿಂದೆ, ಅವನಿಗೊಂದು ಪುಟ್ಟ ಗಿಟಾರು ಸಿಕ್ಕಿತು. ಸಣ್ಣ ನಡು, ಕಟ್ಟಿಗೆಯ ಬಿರಡೆಗಳು, ಇನ್ನೂರು ವರ್ಷದ ಹಿಂದಿನ ಮಾಟ. ಅಬ್ಬಾ, ಅವತ್ತು ಅವನನ್ನು ನೋಡಬೇಕಿತ್ತು! ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಓಡೋಡಿ ಬಂದ. ಸೀಳಿದ ಹಲಗೆಯನ್ನು ತಾನೇ ಕೂಡಿಸಿದ, ವಿದೇಶದಿಂದ ಕುರಿಯ ಕರುಳಿನ ತಂತಿ ತರಿಸಿ ಕಟ್ಟಿದ. ಆದರೆ ಮಡಿಯ ಮನೆಗೆ ಕರುಳಿನ ತಂತಿಯನ್ನು ಹೇಗೆ ಒಯ್ಯುವುದು? ಪುಟ್ಟ ಗಿಟಾರು ಲಷ್ಕರಿನ ಕೋಣೆಯಲ್ಲೇ ಅಡಗಿ ಕುಳಿತಿತು.

ತೊಡಕು ಅಷ್ಟೇ ಅಲ್ಲ. ನೈಲಾನ್ ತಂತಿಯ ಈಗಿನ ದೊಡ್ಡ ಗಿಟಾರಿಗೆ ಉಗುರು ಬೇಕು, ಆ ಹೊಳಪು ಉಗುರಿನದೇ. ಕರುಳಿನ ತಂತಿಗೋ ಉಗುರು ತಾಕಿದರೆ ದನಿ ಒರಟಾಗುತ್ತದೆ, ಬರಿಯ ಬೆರಳ ತುದಿಯ ಮಾಂಸವೇ ಮೀಟಬೇಕು. ಇರುವುದು ಒಂದೇ ಬಲಗೈ. ಪವಮಾನ ಹಟಮಾರಿ, ಉಗುರನ್ನೂ ಬಿಡಲಿಲ್ಲ, ಪುಟ್ಟ ಗಿಟಾರನ್ನೂ ಬಿಡಲಿಲ್ಲ. ಉಗುರಿನಲ್ಲೇ ಅದನ್ನು ನಯವಾಗಿ ಒಲಿಸಿಕೊಳ್ಳುತ್ತೇನೆಂದು ವರ್ಷಗಟ್ಟಲೆ ಒದ್ದಾಡಿದ.

ಕೊನೆಗೆ ಲಕ್ಷ್ಮೀಪುರಂನ ಸಣ್ಣ ಸಭಾಂಗಣವೊಂದರಲ್ಲಿ ಕಚೇರಿ ಗೊತ್ತಾಯಿತು: ಮೊದಲರ್ಧ ಹಳೆಯ ಗಿಟಾರು, ಉಳಿದರ್ಧ ಹೊಸದು. ಮುಂದಿನ ತಿಂಗಳು ಪುಣೆಯ ದೊಡ್ಡ ಉತ್ಸವದಲ್ಲಿ ಹೊಸ ಗಿಟಾರಿನ ಪೂರ್ಣ ಕಚೇರಿಯೂ ಇತ್ತು, ಜೀವಮಾನವಿಡೀ ಕಾದಿದ್ದ ಕರೆ ಅದು. ಇದೆಲ್ಲದರ ನಡುವೆ ಆಶ್ಚರ್ಯ ನೋಡಿ, ಕಚೇರಿಯ ದಿನ, ಶುಕ್ರವಾರ ಸಂಜೆ, ಪಂಕಜಮ್ಮ ದೇವರಿಗೆ ದೀಪ ಹಚ್ಚಿದವರೇ ನನ್ನ ಮನೆಗೆ ಬಂದು "ನಡಿಯಪ್ಪ, ಅದೇನು ನುಡಿಸ್ತಾನೋ ಕೇಳಿಯೇ ಬಿಡೋಣ" ಎಂದರು. ಇಬ್ಬರೂ ಆಟೋ ಹತ್ತಿದೆವು.

ನಾವು ಹೋದಾಗ ಪವಮಾನ ವೇದಿಕೆಯ ಹಿಂದಿನ ಕೋಣೆಯಲ್ಲಿ ಪುಟ್ಟ ಗಿಟಾರು ನುಡಿಸುತ್ತಿದ್ದ. ತಾಯಿಯನ್ನು ಕಂಡು ಅವನ ಕೈ ನಿಂತಿತು. ಆಕೆ "ನುಡಿಸು" ಎಂದರು. ಕಣ್ಣು ಮುಚ್ಚಿ ಕೇಳಿದರು.

"ಉಗುರು ಮಾತಾಡ್ತಿದೆ ಕಣೋ, ತಂತಿ ಮಾತಾಡ್ತಿಲ್ಲ."

"ಇರಮ್ಮ, ಶ್ರುತಿ ನೋಡ್ತೀನಿ."

"ಶ್ರುತಿ ಸರಿಯಾಗೇ ಇದೆ. ಉಗುರು ತೆಗಿ."

ತೆಗೆದರೆ ಪುಣೆ ಹೋಯಿತು, ಅಷ್ಟರೊಳಗೆ ಉಗುರು ಬೆಳೆಯುವ ಮಾತೇ ಇಲ್ಲ. ತೆಗೆಯದಿದ್ದರೆ ಅಮ್ಮ ಕೇಳಿದ ಮೊದಲ ಕಚೇರಿಯೂ ಕಡ್ಡಿ ಗೀಚಿದ್ದೇ ಆಗುತ್ತದೆ. ಬಲಗೈಯನ್ನೇ ನೋಡುತ್ತ ನಿಂತವನು ಕಡೆಗೆ ನನ್ನತ್ತ ತಿರುಗಿ, "ನೇಲ್ ಕಟರ್ ಇದೆಯೇನೋ?" ಎಂದ. ಅವನ ಚೀಲದಲ್ಲಿದ್ದದ್ದು ಉಗುರು ನುಣುಪು ಮಾಡುವ ಮರಳುಕಾಗದ ಮಾತ್ರ. ಕತ್ತರಿಸುವ ಸಾಧನವನ್ನು ಆ ಪುಣ್ಯಾತ್ಮ ಇಟ್ಟುಕೊಂಡವನೇ ಅಲ್ಲ. ನಾನು ಸಭಾಂಗಣವೆಲ್ಲ ಓಡಾಡಿ, ಕೂತವರನ್ನೆಲ್ಲ ಕೇಳಿ, ಕಡೆಗೆ ಕಾವಲುಗಾರ ಚಿಕ್ಕಬಸವಯ್ಯನ ಬೀಗದ ಕೈ ಗೊಂಚಲಲ್ಲಿ ಒಂದನ್ನು ಕಂಡೆ. ಅವನೋ ನನ್ನ ಹಿಂದೆಯೇ ಬಂದ.

"ಶುಕ್ರವಾರ, ದೀಪ ಹಚ್ಚಿದ್ಮೇಲೆ ಉಗುರು ತೆಗೀತಾರಾ ಸಾ? ಮನೆಗೆ ಆಗ್ಬರಲ್ಲ. ಅಂಗೆಲ್ಲ ಮಾಡ್ಬೇಡಿ, ಬುಡಿ."

ಶುಕ್ರವಾರ ಉಗುರು ಮುಟ್ಟಿದರೆ ಇಡೀ ಬೀದಿಗೆ ಕೇಳುವಂತೆ ಗದರುತ್ತಿದ್ದ ಪಂಕಜಮ್ಮ ಹೇಳಿದರು: "ದೋಷ ಬಂದರೆ ನಂಗಿರ್ಲಿ ಕಣಪ್ಪ. ತೆಗಿಯೋ ಪವಮಾನ."

ಟಕ್, ಟಕ್, ಟಕ್, ಟಕ್. ಅಷ್ಟೇ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಪುಟ್ಟ ಗಿಟಾರಿನ ದನಿ ಬಲು ಮೆಲು. ಪವಮಾನ ವೇದಿಕೆಯಿಂದಲೇ ಕೇಳಿಕೊಂಡ: ಫ್ಯಾನುಗಳನ್ನು ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಹತ್ತಿರ ಬನ್ನಿ. ಆ ಸೆಕೆಯಲ್ಲಿ ಜನ ಬೆವರುತ್ತ, ನಗುತ್ತ, ದಡದಡ ಕುರ್ಚಿ ಎಳೆದು ಸುತ್ತ ಕೂತರು. ಆಮೇಲೆ ಬಂತು ನೋಡಿ ನಾದ! ದುಂಡಗೆ, ಬೆಚ್ಚಗೆ, ಪಕ್ಕದಲ್ಲೇ ಕೂತು ಯಾರೋ ಹೇಳುವ ಮಾತಿನಂತೆ. ಮುಂದಿನ ಸಾಲಿನಲ್ಲಿ ಪಂಕಜಮ್ಮನವರ ಎಡಗೈ ಮಡಿಲಲ್ಲಿ ವೀಣೆಯ ಮೆಟ್ಟಿಲುಗಳ ಮೇಲಿದ್ದಂತೆ ತಾನಾಗಿ ಸರಿದಾಡುತ್ತಿತ್ತು. ಎರಡನೆಯ ಅರ್ಧಕ್ಕೆ ದೊಡ್ಡ ಗಿಟಾರನ್ನೆತ್ತಿ ಒಂದು ಸಾಲು ನುಡಿಸಿದ, ಮಂಕಾಗಿ ಕೇಳಿಸಿತು. ನಕ್ಕು ಬದಿಗಿಟ್ಟು ಮತ್ತೆ ಪುಟ್ಟದನ್ನೇ ತೆಗೆದುಕೊಂಡ. ಯಾರೂ ಏಳಲಿಲ್ಲ.

ಕಚೇರಿ ಮುಗಿದ ಮೇಲೆ ತಾಯಿ ಕೇಳಿದರು, "ಇದನ್ನ ಎಲ್ಲಿಡ್ತೀಯೋ?"

"ಲಷ್ಕರಿನ ಕೋಣೇಲಿ. ತಂತಿ ಕುರಿ ಕರುಳಿಂದಮ್ಮ, ಅದಕ್ಕೇ..."

"ಮೃದಂಗ ಏನು ಬಾಳೆಲೇಲಿ ಮಾಡ್ತಾರೇನೋ, ದಡ್ಡ? ಮನೆಗೆ ತಗೊಂಡ್ಬಾ. ವೀಣೆ ಪಕ್ಕ ಇಡು."

'ಭೇಷ್' ಎಂಬ ಮಾತು ಆಗಲೂ ಬರಲಿಲ್ಲ. ಬೇಕಾಗಲೂ ಇಲ್ಲ.

ಮಾರನೆಯ ದಿನ ಪುಣೆಯವರಿಗೆ ಅವನೇ ಫೋನು ಮಾಡಿ ಬರಲಾಗದೆಂದು ಹೇಳಿದ. ಆಮೇಲೆ ಊಟಕ್ಕೆ ಕೂತು, ಚಮಚವನ್ನು ಜೇಬಿನಲ್ಲೇ ಬಿಟ್ಟು, ಹುಳಿಯನ್ನವನ್ನು ಐದು ಬೆರಳಿನಿಂದ ಕಲಸಿ, ಮೊಣಕೈವರೆಗೆ ಸುರಿಸಿಕೊಂಡು ಉಂಡ. ಅಷ್ಟು ಖುಷಿಯಾಗಿ ಉಂಡ ಮನುಷ್ಯನನ್ನು ನಾನು ಕಂಡೇ ಇಲ್ಲ.

ಈಗ ಉಗುರು ಮತ್ತೆ ಬೆಳೆಯುತ್ತಿದೆ, ಚಮಚ ಮತ್ತೆ ಹೊರಬಂದಿದೆ. ಪುಟ್ಟ ಗಿಟಾರು ಕರೆದ ದಿನ ಮತ್ತೆ ಕತ್ತರಿಸಿಯಾನು. ಜಾಣರು ಎರಡರಲ್ಲಿ ಒಂದನ್ನು ಆರಿಸಿಕೊಂಡು ಸುಖವಾಗಿರುತ್ತಾರೆ. ಈ ಜಾತಿಯ ಕಲಾವಿದರಿಗೆ ಆ ಸುಖ ಬೇಡ. ವರ್ಷಗಟ್ಟಲೆ ಕಾದು ಬೆಳೆಸಿಕೊಂಡದ್ದನ್ನು, ನಾದ ಕೇಳಿದ ಗಳಿಗೆಯಲ್ಲಿ ಕೊಟ್ಟುಬಿಟ್ಟು, ಮತ್ತೆ ಮೊದಲಿನಿಂದ ಬೆಳೆಸಲು ಕೂರುತ್ತಾರೆ. ಅಂಥವರು ಎದುರಾದರೆ ಕೈಕುಲುಕಲು ಹೋಗಬೇಡಿ. ದೂರದಿಂದಲೇ ಕೈಮುಗಿಯಿರಿ.