ತೊಡಕಿನ ದಿನದ ವೇಗ

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರೆ. ಗುಜರಿಗೆ ಹೋದ ಇಂಜಿನ್ನಿನ ವೇಗವೂ ಅಂಥದ್ದೇ. ಗುಬ್ಬಿಯ ಕರಿಬಸವಯ್ಯನವರು ಮೀಟರ್‌ಗೇಜ್ ಕಾಲದಲ್ಲಿ ಉಗಿ ಇಂಜಿನ್ ಓಡಿಸುತ್ತಿದ್ದ ಡ್ರೈವರು. ನಿಟ್ಟೂರಿನಿಂದ ಗುಬ್ಬಿಗೆ ಅವರು ಒಮ್ಮೆ ಹೊಡೆದ ಓಟ, ಟೀ ಅಂಗಡಿಯ ಬೆಂಚಿನ ಮೇಲೆ ಮೊದಮೊದಲು ಗಂಟೆಗೆ ತೊಂಬತ್ತು ಕಿಲೋಮೀಟರ್ ಇತ್ತು. ರಿಟೈರ್ ಆದ ಮೇಲೆ ನೂರಾಯಿತು. ಮೊಮ್ಮಕ್ಕಳಾದ ಮೇಲೆ ನೂರಹತ್ತಕ್ಕೆ ಬಂದು ನಿಂತಿತು. ಅರಸೀಕೆರೆಯವರು ಮಾತ್ರ ದಾಖಲೆ ತಮ್ಮ ಡ್ರೈವರದ್ದೇ ಎಂದು ಹಟ ಹಿಡಿದಿದ್ದರು. ಎರಡೂ ಇಂಜಿನ್ನು ಕರಗಿ ಯಾರ ಮನೆಯ ಗೇಟಾಗಿದ್ದವೋ, ಜಗಳ ಮಾತ್ರ ಆರಿರಲಿಲ್ಲ.

ಈ ಜಗಳ ಕುಣಿಗಲ್ಲಿನ ಶಕುಂತಲಮ್ಮನ ಮನೆಯೊಳಗೆ ಬಂದದ್ದು ಸೊಸೆ ಕೋಮಲಾಳ ಮೊಬೈಲಿನಿಂದ. ತುಮಕೂರಿನ ಅಂಜನಮೂರ್ತಿ ಎಂಬ ರೈಲಿನ ಹುಚ್ಚಿನವನೊಬ್ಬ ಕರಿಬಸವಯ್ಯನವರನ್ನು ಮಾತಾಡಿಸಿ ವಿಡಿಯೋ ಹಾಕಿದ್ದ.

“ಯಾವತ್ತು ಅಂತೀಯಾ? ಎಪ್ಪತ್ತೆಂಟನೇ ಇಸ್ವಿ, ಯುಗಾದಿ ಮಾರನೇ ದಿನ, ಹೊಸತೊಡಕು. ಊರೋರೆಲ್ಲಾ ಇಸ್ಪೀಟಲ್ಲಿ ಬಾಜಿ ಕಟ್ಟಿದ್ರೆ ನಾನು ಇಂಜಿನ್ ಮೇಲೆ ಕಟ್ಟಿದ್ದೆ, ಅರಸೀಕೆರೆ ಡ್ರೈವರ್ ಜೊತೆ. ಬೆಳಗಿನ ಗಾಡಿ. ನಿಟ್ಟೂರು ಬುಟ್ಟಿದ್ದೇ ಬುಟ್ಟಿದ್ದು, ಗುಬ್ಬೀಲೇ ಉಸ್ರು ಬುಟ್ಟಿದ್ದು ಕಣಪ್ಪಾ!”

ರಾಗಿ ಕೇರುತ್ತಿದ್ದ ಶಕುಂತಲಮ್ಮನ ಮೊರ ಅಲ್ಲೇ ನಿಂತಿತು. ಆ ವರ್ಷದ ಹೊಸತೊಡಕಿನ ಬೆಳಿಗ್ಗೆ, ನಿಟ್ಟೂರಿಗೂ ಗುಬ್ಬಿಗೂ ನಡುವಿನ ಹಳ್ಳದ ಸೇತುವೆಯ ಮೇಲೆ, ಅದೇ ಗಾಡಿಗೆ ಸಿಕ್ಕಿ ಸತ್ತವನು ಅವಳ ಅಪ್ಪ ಕದರಯ್ಯ.

ಕದರಯ್ಯ ರೈಲ್ವೆಯಲ್ಲಿ ಕೀಮನ್. ದಿನಾ ಬೆಳಿಗ್ಗೆ ಸುತ್ತಿಗೆ ಹೆಗಲಿಗಿಟ್ಟು ಹಳಿಗುಂಟ ನಡೆದು, ಸಡಿಲಾದ ಬೆಣೆಗಳನ್ನು ಬಡಿದು ಕೂರಿಸುವುದು ಅವನ ಕೆಲಸ. ಬೆಳಗಿನ ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದ ಶಕುಂತಲೆ ಎಷ್ಟೋ ಸಲ ಕಣ್ಣಾರೆ ಕಂಡಿದ್ದಳು. ದೂರದಲ್ಲಿ ಶಿಳ್ಳೆ ಕೇಳಿದ ಮೇಲೂ ಅಪ್ಪ ಅವಸರಪಡುತ್ತಿರಲಿಲ್ಲ. ಸೇತುವೆ ದಾಟಿ ಈಚೆ ದಡಕ್ಕೆ ಬಂದು, ಬೀಡಿ ಹಚ್ಚಿ ಎರಡು ದಮ್ಮು ಎಳೆದ ಮೇಲೇ ಗಾಡಿ ಬರುತ್ತಿತ್ತು.

ಆದರೆ ವಿಚಾರಣೆಯಲ್ಲಿ ಇದೇ ಡ್ರೈವರು, “ಗಾಡಿ ದಿನದಂಗೇ ಬರ್ತಿತ್ತು, ಶಿಳ್ಳೆ ಹಾಕ್ದೆ, ಕೂತಿದ್ದೋನು ಏಳ್ಲಿಲ್ಲ” ಎಂದು ಹೇಳಿಬಿಟ್ಟರು. ಅದೂ ಹೊಸತೊಡಕಿನ ದಿನ ಎಂದ ಮೇಲೆ ಇನ್ನು ಕೇಳಬೇಕೇ? ಮನೆಮನೆಯಲ್ಲಿ ಬಾಡೂಟ, ಮರದ ಕೆಳಗೆ ಇಸ್ಪೀಟು, ಗಂಟಲಿಗೆ ಒಂದಿಷ್ಟು. ಕೀಮನ್ ಬೆಳಿಗ್ಗೆಯೇ ಏರಿಸಿಕೊಂಡು ಸೇತುವೆ ಮೇಲೆ ನಿದ್ದೆ ಹೋದ ಎಂದು ಊರು ತೀರ್ಮಾನ ಮಾಡಿತು. ಹೆಣದ ಬಾಯಿ ಮೂಸಿ ನೋಡಿದವರು ಒಬ್ಬರೂ ಇಲ್ಲ, ಕಂಡೆ ಎಂದವರು ಹತ್ತು ಜನ. ಶಕುಂತಲೆ ಮದುವೆಯಾಗಿ ಕುಣಿಗಲ್ಲಿಗೆ ಬರುವವರೆಗೂ ನಿದ್ದೆ ಕದರನ ಮಗಳಾಗಿಯೇ ಇದ್ದಳು.

ಊರು ನಂಬಿದ್ದು ಹಾಳಾಗಲಿ. ಅವ್ವ ಸಿದ್ದಲಕ್ಷ್ಮಮ್ಮನೂ ನಂಬಿದ್ದಳು. ಇವತ್ತೊಂದು ದಿನ ಹೆಂಡ ಮುಟ್ಟುವುದಿಲ್ಲ ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಹೋದ ಗಂಡ, ಆ ಆಣೆಯನ್ನು ಮುರಿದು ಸತ್ತ ಎಂದು ಅವಳಿಗೆ ಸಿಟ್ಟು. ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುವಾಗ ಅತ್ತೆಗೆ, ಮಾವನಿಗೆ, ಹುಟ್ಟಿ ವಾರಕ್ಕೆ ಹೋದ ಕೂಸಿಗೆ ಕೂಡ ಎಲೆ ಹಾಕುತ್ತಿದ್ದಳು. ಗಂಡನಿಗೆ ಮಾತ್ರ ಹಾಕುತ್ತಿರಲಿಲ್ಲ. “ಅವ್ರಿಗೆ ಆವತ್ತೇ ಹೊಟ್ಟೆ ತುಂಬಿತ್ತಲ್ಲ, ಬುಡು” ಅನ್ನುತ್ತಿದ್ದಳು. ವಯಸ್ಸಾಗಿ ಮಗಳ ಮನೆ ಸೇರಿದ ಮೇಲೂ ಅದೇ ಹಟ. ಹೆಂಡತಿ ಬದುಕಿರುವಾಗ ಅವಳನ್ನು ಮೀರಿ ಮಗಳು ಎಡೆ ಇಡುವ ಹಾಗಿಲ್ಲ. ಈಗ ಅವ್ವ ಗೋಡೆ ಹಿಡಿದು ನಡೆಯುತ್ತಿದ್ದಳು. ಅಪ್ಪನಿಗೆ ಒಂದು ತುತ್ತೂ ಇಡದೆ ಇವಳೂ ಹೋಗಿಬಿಟ್ಟರೆ ಎಂಬ ಭಯ ಶಕುಂತಲಮ್ಮನನ್ನು ತಿನ್ನುತ್ತಿತ್ತು. ಅಮಾವಾಸ್ಯೆ ಹತ್ತಿರದಲ್ಲೇ ಇತ್ತು.

ಅವಳು ವಿಡಿಯೋವನ್ನು ಅವ್ವನಿಗೂ ತೋರಿಸಿದಳು. ಅವ್ವ ಕಣ್ಣು ಕಿರಿದು ಮಾಡಿ ನೋಡಿ, “ಟೀ ಅಂಗ್ಡಿ ಮಾತು. ಯಾವನು ನಂಬ್ತಾನೆ?” ಎಂದು ಮೊಬೈಲು ದೂಡಿದಳು.

“ಭಾನ್ವಾರ ಗುಬ್ಬೀಲಿ ಅವ್ರಿಗೆ ಸನ್ಮಾನ ಐತಂತೆ ಕಣವ್ವ. ಸಭೇಲಿ ಎಲ್ರ ಮುಂದೆ ಅವ್ರ ಬಾಯಲ್ಲೇ ಹೇಳಿಸ್ತೀನಿ. ಆವಾಗ ಎಡೆ ಇಡ್ತೀಯಾ?”

ಅವ್ವ ಗೋಡೆಯ ಕಡೆ ತಿರುಗಿ, “ಹೇಳ್ಲಿ, ನೋಡಾನ” ಎಂದಳು.

ಭಾನುವಾರ ಶಕುಂತಲಮ್ಮ ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಗುಬ್ಬಿ ತಲುಪುವ ಹೊತ್ತಿಗೆ ಸಭೆ ಶುರುವಾಗಿತ್ತು. ವೇದಿಕೆಯ ಮೇಲೆ ಉಗಿ ಇಂಜಿನ್ನಿನ ದೊಡ್ಡ ಚಿತ್ರ, ಅದರ ಮುಂದೆ ವಿಭೂತಿ ಧರಿಸಿ, ಶಾಲು ಹೊದ್ದು ಕೂತ ಕರಿಬಸವಯ್ಯನವರು. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯ ಇಂಜಿನಿಯರ್ ರವೀಶ್ ಮೈಕು ಹಿಡಿದು ತಕರಾರು ತೆಗೆದಿದ್ದ. ಅವನ ಹುಟ್ಟೂರು ಅರಸೀಕೆರೆ. ರಕ್ತ ಬಿಡುತ್ತದೆಯೇ?

“ಇಂಗ್ಲೆಂಡ್‌ನೋರ ಉಗಿ ಇಂಜಿನ್ ದಾಖಲೇನೇ ಇಳಿಜಾರಲ್ಲಿ ಮಾಡಿದ್ದು ಅಂತ ಜನ ಇವತ್ತಿಗೂ ಕಿತ್ತಾಡ್ತಾರೆ ಸಾರ್. ಜರ್ಮನಿ ಇಂಜಿನ್ನೇ ಮೇಲು ಅನ್ನೋರಿದಾರೆ. ಅಲ್ಲಿ ಅಳೆಯೋ ಮೆಷಿನ್ನಾದ್ರೂ ಇತ್ತು. ಇಲ್ಲಿ ಏನಿದೆ? ಅಜ್ಜನ ಮಾತೊಂದೇ. ಆ ಇಂಜಿನ್ನಿಗೆ ಎಪ್ಪತ್ತೈದರ ಮೇಲೆ ಓಡೋಕೆ ಪರ್ಮಿಶನ್ನೇ ಇರ್ಲಿಲ್ಲ. ಸಾಕ್ಷಿ ಇದ್ರೆ ತೋರ್ಸಿ.”

ಗುಬ್ಬಿಯವರು ಕೂಗಾಡಿದರು. ಆ ಗಲಾಟೆಯಲ್ಲೇ ಶಕುಂತಲಮ್ಮ ಎದ್ದು ನಿಂತಳು. ಜನರ ಮುಂದೆ ಮಾತಾಡಿ ಗೊತ್ತಿಲ್ಲದ ಹೆಂಗಸು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಸಾಕ್ಷಿಗೆ ನಾನಿದೀನಿ.”

ಅಂಜನಮೂರ್ತಿ ಕುಣಿದುಕೊಂಡು ಬಂದು ಮೈಕು ಕೊಟ್ಟ. ಕರಿಬಸವಯ್ಯನವರೂ ಖುಷಿಯಿಂದ ಮುಂದೆ ಬಾಗಿದರು.

“ಅಜ್ಜಾರು ಹೇಳೋದು ನಿಜ. ಆ ಸೇತುವೆ ಮೇಲೆ ದಿನಾ ಶಿಳ್ಳೆ ಕೇಳಿದ್ಮೇಲೆ ದಾಟಿ ಬಂದು ಬೀಡಿ ಹಚ್ಚೋರೊಬ್ರು ಇದ್ರು. ಆ ತೊಡಕಿನ ದಿನ ಅವ್ರಿಗೆ ದಾಟಕ್ಕಾಗ್ಲಿಲ್ಲ. ಅಂದ್ರೆ ಗಾಡಿ ಎಂಥಾ ಜೋರಲ್ಲಿ ಬಂದಿರ್ಬೇಕು ನೀವೇ ಲೆಕ್ಕ ಹಾಕಿ. ನಾನು ಕೀಮನ್ ಕದರಯ್ಯನ ಮಗ್ಳು. ನೂರಹತ್ತು ಅಂತ ಇನ್ನೊಂದ್ ಸಲ ಮೈಕಲ್ಲಿ ಹೇಳ್ಬುಡಿ ಸ್ವಾಮಿ. ನಂಗೆ ಬೇರೆ ಏನೂ ಬ್ಯಾಡ.”

ಕದರಯ್ಯ ಎಂಬ ಹೆಸರು ಸಭೆಯಲ್ಲಿ ಅರ್ಥವಾದದ್ದು ಒಬ್ಬರಿಗೇ. ಕರಿಬಸವಯ್ಯನವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವರು ಅವಳನ್ನು ನೋಡಿದರು, ಆಮೇಲೆ ತಮ್ಮ ಮೊಮ್ಮಕ್ಕಳು ಕೂತಿದ್ದ ಮುಂದಿನ ಸಾಲನ್ನು ನೋಡಿದರು. ಮೈಕು ಕೈಗೆ ತೆಗೆದುಕೊಂಡರು.

“ಅದು... ಜಂಬದ ಮಾತು ಕಣ್ರಪ್ಪ. ಕೂತಲ್ಲೇ ಬುಟ್ಟ ರೈಲು. ರವೀಶಪ್ಪ ಹೇಳಿದ್ದೇ ಸರಿ. ಬಾಜಿನೂ ಇಲ್ಲ, ಗೀಜಿನೂ ಇಲ್ಲ. ಆವತ್ತು ಗಾಡಿ ದಿನದಂಗೇ ಬಂತು.”

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ನೋಡನೋಡುತ್ತಾ ಎಲ್ಲರೂ ತಟ್ಟಿದರು. ಎಂಥಾ ದೊಡ್ಡ ಮನಸ್ಸು, ಕೈಗೆ ಬಂದ ದಾಖಲೆಯನ್ನು ಸತ್ಯಕ್ಕಾಗಿ ಬಿಟ್ಟುಕೊಟ್ಟರಲ್ಲ ಎಂದು ಅಂಜನಮೂರ್ತಿ ಕಣ್ಣೊರೆಸಿಕೊಂಡ. ತಕರಾರಿನ ರವೀಶನೇ ಹೋಗಿ ಕಾಲಿಗೆ ಬಿದ್ದ. ಜೀವಮಾನವೆಲ್ಲ ಕೊಚ್ಚಿಕೊಂಡವರು ಒಂದೇ ಒಂದು ಸುಳ್ಳಿನಿಂದ ಸತ್ಯಸಂಧರಾಗಿಬಿಟ್ಟರು. ಈ ಜನದ ಕಣ್ಣಿಗೆ ಏನು ಬಡಿದಿತ್ತೋ ಕಾಣೆ.

ಶಕುಂತಲಮ್ಮ ವೇದಿಕೆಯ ಬಳಿಗೇ ಹೋದಳು. “ಯಾಕೆ ಹಿಂಗ್ ಮಾಡಿದ್ರಿ ಸ್ವಾಮಿ?” ಎಂದಳು. ಮುದುಕರು ತಲೆ ಎತ್ತಲಿಲ್ಲ. ಕೊರಳಿನ ಹಾರದ ಹೂವು ಕೀಳುತ್ತಾ, “ಊಟ ಮಾಡ್ಕೊಂಡು ಹೋಗಿ ತಾಯಿ” ಎಂದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಲೆ ಹಾಕಿದ್ದ ಸಾಲುಗಳ ಪಕ್ಕದಿಂದ ನೀರೂ ಕುಡಿಯದೆ ಹೊರಗೆ ಬಂದಳು.

ಬಸ್ಸಿನುದ್ದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ಮುದುಕ ತಾನಾಗಿಯೇ ನೂರಹತ್ತು ಅನ್ನುತ್ತಿದ್ದ. ಅಪ್ಪನ ಹೆಸರು ಹೇಳಿದ್ದರಿಂದಲೇ ಅಪ್ಪ ಮತ್ತೆ ಕುಡುಕನಾದ.

ಮನೆಯಲ್ಲಿ ಅವ್ವ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. “ಏನಂದ್ರು ಡ್ರೈವರ್ರು?”

ಸುಳ್ಳು ಹೇಳಬೇಕು ಎಂದು ಶಕುಂತಲಮ್ಮ ಅಂದುಕೊಂಡು ಬಂದಿರಲಿಲ್ಲ. ಅವ್ವನ ಮುಖ ನೋಡಿದ್ದೇ ಬಾಯಿಗೆ ಬಂತು. “ಒಪ್ಕೊಂಡ್ರು ಕಣವ್ವ. ಎಲ್ರ ಮುಂದೆ. ಬಾಜಿ ಕಟ್ಟಿ ಓಡ್ಸಿದ್ದೆ, ಕದರಯ್ಯಂದು ಏನೂ ತಪ್ಪಿಲ್ಲ ಅಂದ್ರು.”

“ಕುಡ್ದಿರ್ಲಿಲ್ವಂತಾ?”

“ಇಲ್ಲ ಕಣವ್ವ.”

ಅವ್ವನ ಮುಖ ಗೆಲುವಾಗುತ್ತದೆ ಎಂದು ಅವಳು ಕಾದಳು. ಅವ್ವ ತನ್ನ ನೆತ್ತಿಯನ್ನು ಮೆಲ್ಲಗೆ ಮುಟ್ಟಿಕೊಂಡಳು. ಆಮೇಲೆ ಎದೆ ಎದೆ ಬಡಿದುಕೊಂಡು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ಮಗಳು ಕಂಡಿರಲಿಲ್ಲ.

“ಹಂಗಾರೆ ಇಷ್ಟು ವರ್ಷ ಸುಮ್‌ಸುಮ್ನೆ ಉಪಾಸ ಕೆಡವಿದ್ನಲ್ಲೇ ಅವ್ರನ್ನ! ಪ್ರತಿ ಅಮಾಸೆಗೂ ಬಾಗ್ಲಿಗೆ ಬಂದಿರ್ತಾರೆ ಕಣೇ. ನಾನು ಹಾಳಾದೋಳು, ಎಲ್ರಿಗೂ ಬಡ್ಸಿ, ಅವ್ರನ್ನ ಬರಿ ಹೊಟ್ಟೇಲಿ ಕಳಿಸ್ದೆ!”

ಸುಳ್ಳು ಹೇಳಿದೆ ಕಣವ್ವ ಎಂದರೆ ಸಾಕು, ಅವ್ವನ ಅಳು ನಿಲ್ಲುತ್ತಿತ್ತು. ಶಕುಂತಲಮ್ಮ ಪಕ್ಕದಲ್ಲಿ ಕೂತು ಅವ್ವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಮಾತು ಮಾತ್ರ ಆಡಲಿಲ್ಲ.