ತಂತಿಯ ತುದಿಯ ಜಾಗ

ಇಂದಿಗೂ ಬಟ್ಟೆ ಹರವುವಾಗ ತಂತಿಯ ತುದಿಯಲ್ಲಿ ಒಂದು ಅಂಗಿಯಷ್ಟು ಜಾಗ ಬಿಡುತ್ತೇನೆ.

ಆ ಊರಿಗೆ ಹೋದಾಗ ನನ್ನ ಜೊತೆಗಿದ್ದವಳು ಮಗಳು ಪದ್ದಿ ಮಾತ್ರ. ಹೊಲಿಗೆ ಕಲಿಸುವ ಕೆಲಸ ಸಿಕ್ಕಿತ್ತು, ಮನೆ ಸಿಗಲಿಲ್ಲ. ದೊಡ್ಡ ಬೀದಿಯ ಬಾಡಿಗೆಗಳು ನನ್ನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಎಟುಕುವಂಥ ಮನೆಗಳವರು ನನ್ನ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿ, ಯಜಮಾನರು ಬಂದು ಮಾತಾಡಲಿ ಎನ್ನುತ್ತಿದ್ದರು. ಅವರು ತೀರಿಕೊಂಡು ವರ್ಷವಾಯಿತು ಎಂದರೆ ಸಾಕು, ಆ ಮನೆ ಆಗಲೇ ಬೇರೆ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು.

ನಾವು ತಂಗಿದ್ದ ಛತ್ರದವರು ಜಾಗ ಖಾಲಿ ಮಾಡಿ ಎಂದ ದಿನ ತುಂಗಮ್ಮನವರ ಹಿತ್ತಲಮನೆ ನೋಡಿದೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಬಾವಿಯೂ ಬಟ್ಟೆಯ ತಂತಿಯೂ ಅವರಿಗೂ ನಮಗೂ ಸೇರಿ ಒಂದೇ. ಬಾಡಿಗೆ ಕೈಗೆಟುಕುವಂತಿತ್ತು.

"ಯಜಮಾನ್ರು?" ಎಂದರು.

ದೂರದ ಅಣೆಕಟ್ಟಿನ ಕೆಲಸದಲ್ಲಿದ್ದಾರೆ, ಶನಿವಾರ ರಾತ್ರಿ ಬಂದು ಬೆಳಗಾಗುವ ಮೊದಲೇ ಹೊರಡುತ್ತಾರೆ ಎಂದೆ. ಪದ್ದಿ ತಲೆಯೆತ್ತಿ ನನ್ನ ಮುಖ ನೋಡಿದಳು.

ಆಡಿದ ಸುಳ್ಳಿಗೆ ಸಾಕ್ಷಿ ಬೇಕಿತ್ತು. ಟ್ರಂಕಿನ ತಳದಲ್ಲಿ ಅವರ ನೀಲಿ ಗೀಟಿನ ಅಂಗಿಯೊಂದನ್ನು ಒಗೆಯದೆ ಹಾಗೆಯೇ ಇಟ್ಟುಕೊಂಡಿದ್ದೆ. ಮೊದಲ ಭಾನುವಾರ ಅದನ್ನು ಬಾವಿಕಟ್ಟೆಗೆ ಒಯ್ದು ಒಗೆದೆ. ಕೊರಳಪಟ್ಟಿಯಲ್ಲಿ ಉಳಿದಿದ್ದ ಅವರ ವಾಸನೆ ಸೋಪಿನ ನೊರೆಯಲ್ಲಿ ಹರಿದುಹೋಯಿತು. ಆಮೇಲೆ ಭಾನುವಾರ ಬಂತೆಂದರೆ ತುಂಗಮ್ಮನವರ ಅಡುಗೆಮನೆ ಕಿಟಕಿಗೆ ಕಾಣುವಂತೆ, ತಂತಿಯ ತುದಿಯಲ್ಲಿ ಅದನ್ನು ಹರವುತ್ತಿದ್ದೆ.

ಒಂದು ಭಾನುವಾರ ನಾವು ಸಂತೆಗೆ ಹೋದಾಗ ಹನಿ ಬಿತ್ತು. ತಿರುಗಿ ಬರುವಷ್ಟರಲ್ಲಿ ತುಂಗಮ್ಮನವರು ನಮ್ಮ ಬಟ್ಟೆಗಳನ್ನು ಎತ್ತಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಎಲ್ಲಕ್ಕಿಂತ ಮೇಲೆ ಆ ಅಂಗಿ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಬಾವಿಕಟ್ಟೆಗೆ ತರೋವಾಗ್ಲೇ ಇದು ನೀಟಾಗಿ ಮಡಚಿರುತ್ತೆ. ಗಂಡಸು ಬಿಚ್ಚೆಸೆದ ಅಂಗೀನ ಒಗೆಯೋಕೆ ಮುಂಚೆ ಯಾರಮ್ಮ ಮಡಚಿಡ್ತಾರೆ?"

ನಾನು ಪದ್ದಿಯ ಕೈ ಹಿಡಿದುಕೊಂಡೆ. ಮತ್ತೆ ಛತ್ರ, ಮತ್ತೆ ಆ ಬಾಗಿಲುಗಳು. "ಮನೆ ಯಾವಾಗ ಬಿಡ್ಬೇಕು?" ಎಂದೆ.

"ಮನೆ ಯಾಕೆ ಬಿಡ್ತೀಯೆ? ಒಗೆಯೋದನ್ನ ಬಿಡು. ನನ್ನ ಬಾವಿ ನೀರು ದಂಡ." ಅಂಗಿಯನ್ನು ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು: "ಸವೆದುಹೋಗುತ್ತೆ ತಾಯಿ. ಇರೋದು ಇದೊಂದೇ ಅಲ್ವಾ."

ಅಂಗಿ ಟ್ರಂಕಿಗೆ ಮರಳಿತು.

ಮರು ಭಾನುವಾರ ತುಂಗಮ್ಮನವರು ತಮ್ಮ ಒದ್ದೆ ಸೀರೆ ಹಿಡಿದು ತಂತಿಯ ಬಳಿ ಬಂದರು. ತುದಿಯ ಜಾಗವೊಂದೇ ಖಾಲಿಯಿತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಪದ್ದಿಯ ಲಂಗದ ಪಕ್ಕದ ಇಕ್ಕಟ್ಟಿನಲ್ಲೇ ಹರವಿ ಒಳಗೆ ಹೋದರು.